ಮೊದಲು ಕೃಪೆ, ಆಮೇಲೆ ನಡಿಗೆ: ಕೆಟ್ಟ ಕಾಲದಲ್ಲಿ ನಂಬಿಗಸ್ತರಾಗಿ ಬಾಳುವ ಬಗೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷ ಗುಮಾಸ್ತನಾಗಿದ್ದೆ. ಹಂಗಾಮಿನಲ್ಲಿ ಸೋಮವಾರ, ಗುರುವಾರ ಬಂತೆಂದರೆ ಬೆಳಗಿನಿಂದಲೇ ಘಾಟು. ಮೂಗಿಗೆ ಟವೆಲ್ ಕಟ್ಟಿಕೊಂಡೇ ಲೆಕ್ಕ ಬರೆಯಬೇಕು. ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆಗಳಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ಕಣ್ಣು ಮುಚ್ಚಿಕೊಂಡು ಹೇಳುವಷ್ಟು ಪಳಗಿದ್ದೆ. ಭಾನುವಾರ ದೇವಾಲಯಕ್ಕೆ ತಪ್ಪುತ್ತಿರಲಿಲ್ಲ. ಆದರೆ ಭಾನುವಾರದ ನಾನು ಬೇರೆ, ಸೋಮವಾರದ ನಾನು ಬೇರೆ ಎಂಬುದು ನನಗೇ ಚೆನ್ನಾಗಿ ಗೊತ್ತಿತ್ತು.

ಈಗ ಹುಬ್ಬಳ್ಳಿಯಲ್ಲಿದ್ದೇನೆ. ನಮ್ಮ ಮನೆಯ ಶುಕ್ರವಾರದ ಪ್ರಾರ್ಥನಾ ಕೂಟಕ್ಕೆ ಬರುವ ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಅಂಕಲ್, ಇಂಥಾ ಲೋಕದಾಗ ನೆಟ್ಟಗ ಬದುಕಾಕ ಆಕ್ಕೈತೇನ್ರೀ?" ಒಬ್ಬ ಕೊರಿಯರ್ ಕಚೇರಿಯಲ್ಲಿದ್ದಾನೆ, ಒಬ್ಬಳು ಖಾಸಗಿ ಶಾಲೆಯಲ್ಲಿ ಕಲಿಸುತ್ತಾಳೆ, ಇನ್ನೊಬ್ಬ ಗುತ್ತಿಗೆದಾರರ ಹತ್ತಿರ ಸೈಟು ನೋಡಿಕೊಳ್ಳುತ್ತಾನೆ. ಅವರಿಗೆ ಬೇಕಾದದ್ದು ಉಪದೇಶವಲ್ಲ, ಬೆಳಗ್ಗೆ ಎದ್ದ ಮೇಲೆ ಏನು ಮಾಡಬೇಕು ಎಂಬುದು. ಅವರಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು ವಚನಗಳ ಅನುಕ್ರಮ ನೋಡಿ

ಸತ್ಯವೇದ, ಅಂದರೆ ಬೈಬಲ್, ತೆಗೆದು ಆದಿಕಾಂಡ 6ನೇ ಅಧ್ಯಾಯದ 5ರಿಂದ 9ನೇ ವಚನದವರೆಗೆ ಬಾಯಿಬಿಟ್ಟು ಓದಿ. ಅವಸರ ಬೇಡ. 5ರಲ್ಲಿ ಮನುಷ್ಯರ ಕೆಟ್ಟತನ ಹೆಚ್ಚಿ, ಅವರ ಹೃದಯದ ಯೋಚನೆಯೆಲ್ಲ ಕೆಟ್ಟದ್ದೇ ಆಗಿದೆ. 6ರಲ್ಲಿ ದೇವರು ನೊಂದುಕೊಳ್ಳುತ್ತಾನೆ. 7ರಲ್ಲಿ ಎಲ್ಲವನ್ನೂ ಅಳಿಸಿಬಿಡುವ ತೀರ್ಮಾನ. 8ರಲ್ಲಿ ನೋಹನಿಗೆ ದೇವರ ದಯೆ ದೊರಕುತ್ತದೆ. ಅವನು ನೀತಿವಂತ, ದೇವರೊಂದಿಗೆ ನಡೆದವನು ಎಂಬ ಮಾತು ಬರುವುದು 9ರಲ್ಲಿ.

ಸಣ್ಣವನಿದ್ದಾಗಿನಿಂದ ಈ ಕಥೆ ಕೇಳಿದ್ದರೂ ನಾನು ಅದನ್ನು ಉಲ್ಟಾ ಇಟ್ಟುಕೊಂಡಿದ್ದೆ. ನೋಹ ಒಳ್ಳೆಯವನಾಗಿದ್ದ, ಅದಕ್ಕೆ ದೇವರು ಮೆಚ್ಚಿದ ಎಂದೇ ತಿಳಿದಿದ್ದೆ. ವಚನಗಳು ಹಾಗಿಲ್ಲ. ದಯೆ ಮೊದಲು, ನಡಿಗೆ ಆಮೇಲೆ. ಇಬ್ರಿಯ ಭಾಷೆಯಲ್ಲಿ ನೋಹ ಎಂಬ ಹೆಸರಿಗೆ ಎರಡೇ ಅಕ್ಷರ, ನೂನ್ ಮತ್ತು ಖೇತ್. ಅವೆರಡನ್ನು ತಿರುಗಿಸಿ ಬರೆದರೆ 'ಖೇನ್' ಆಗುತ್ತದೆ, ಅಂದರೆ ದಯೆ. ಅವನ ಹೆಸರಿನೊಳಗೇ ಕೃಪೆ ಕೂತಿದೆ. ಇದನ್ನು ನಮ್ಮ ಹಿರಿಯ ಸಭಾಪಾಲಕರೊಬ್ಬರು ಮೊದಲ ಸಲ ಹೇಳಿದಾಗ ಮನೆಗೆ ಬಂದು ಆ ಎರಡು ಅಕ್ಷರಗಳನ್ನು ಹಾಳೆಯ ಮೇಲೆ ಗೀಚಿ ನೋಡಿದ್ದೆ.

ಪೇಟೆಯ ಮಾತಿನಲ್ಲಿ ಹೇಳುವುದಾದರೆ ಪಗಾರ ಬೇರೆ, ಕೃಪೆ ಬೇರೆ. ಶನಿವಾರ ಸಂಜೆ ಹಮಾಲರಿಗೆ ಬಟವಾಡೆ ಮಾಡುತ್ತಿದ್ದವನು ನಾನೇ. ಎಷ್ಟು ಚೀಲ ಹೊತ್ತರೋ ಅಷ್ಟು ರೊಕ್ಕ. ಅದರಲ್ಲಿ ಯಜಮಾನರ ಉಪಕಾರ ಏನೂ ಇಲ್ಲ, ಅದು ಅವರ ಬೆವರಿನ ಬಾಕಿ. ಕೆಲಸ ಮಾಡಿದವನಿಗೆ ಬರುವ ಕೂಲಿಯನ್ನು ಕೃಪೆ ಎಂದು ಎಣಿಸುವುದಿಲ್ಲ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 4:4 ಹೇಳುವುದೂ ಇದನ್ನೇ. ಎಫೆಸ 2:8, 9 ಕೂಡ ಓದಿಕೊಳ್ಳಿ.

ನೀವು ಬಟವಾಡೆಯ ಸಾಲಿನಲ್ಲಿ ನಿಂತಿದ್ದೀರೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆ ಇದೆ. ಒಂದು ತಿಂಗಳು ಸರಿಯಾಗಿ ನಡೆದಿರಿ, ಪ್ರಾರ್ಥನೆ ತಪ್ಪಿಸಲಿಲ್ಲ, ಸುಳ್ಳು ಹೇಳಲಿಲ್ಲ. ಅಷ್ಟರಲ್ಲಿ ಮಗುವಿಗೆ ಡೆಂಗಿ ಬಂತು, ಅಥವಾ ಕೆಲಸ ಹೋಯಿತು. ಆಗ ಮನಸ್ಸಿನಲ್ಲಿ ಮೊದಲು ಏಳುವ ಮಾತು "ಇಷ್ಟೆಲ್ಲ ಮಾಡಿದ ನನಗೇ ಹೀಗೇ?" ಎಂದಾದರೆ, ನೀವು ಬಟವಾಡೆಯ ಕಿಟಕಿಯ ಮುಂದೆ ಚೀಟಿ ಹಿಡಿದು ನಿಂತಿದ್ದೀರಿ ಎಂದೇ ಅರ್ಥ. ನಾನೂ ಎಷ್ಟೋ ಸಲ ನಿಂತಿದ್ದೇನೆ. ಆ ಸಾಲಿನಿಂದ ಹೊರಗೆ ಬರಲು ನಾನು ದಿನಾ ಮಾಡುವುದು ಇಷ್ಟೇ: ಏನನ್ನೂ ಬೇಡುವ ಮೊದಲು ಎರಡೂ ಕೈ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, "ಕರ್ತನೇ, ನಿನಗೆ ತೋರಿಸುವಂಥದ್ದು ಈ ಕೈಯಲ್ಲಿ ಏನೂ ಇಲ್ಲ, ನೀನು ಕೊಟ್ಟರೆ ಉಂಟು" ಎನ್ನುತ್ತೇನೆ. ದೇವರು ಅಹಂಕಾರಿಗಳನ್ನು ಎದುರಿಸಿ ದೀನರಿಗೆ ಕೃಪೆ ಕೊಡುತ್ತಾನೆ ಎಂದು ಯಾಕೋಬ 4:6ರಲ್ಲಿದೆ. ದೀನತೆ ಎಂದರೆ ತಲೆ ತಗ್ಗಿಸಿ ನಡೆಯುವುದಲ್ಲ, ಕೈ ಖಾಲಿ ಇದೆ ಎಂದು ಒಪ್ಪಿಕೊಳ್ಳುವುದು.

ಹಾಗಾದರೆ ಹೇಗೆ ಬದುಕಿದರೂ ನಡೆಯುತ್ತದೆಯೇ? ಇಲ್ಲ. ತೀತ 2:11, 12 ನೋಡಿ. ರಕ್ಷಣೆ ತರುವ ಆ ಕೃಪೆಯೇ ನಮ್ಮನ್ನು ತಿದ್ದಿ, ಈ ಲೋಕದಲ್ಲಿ ಮನಸ್ಸು ಹಿಡಿತದಲ್ಲಿಟ್ಟುಕೊಂಡು ನೀತಿಯಿಂದ ಬಾಳಲು ಕಲಿಸುತ್ತದೆ. ಕೃಪೆ ಮನೆಯೊಳಗೆ ಕೂತ ಮಾಸ್ತರು ಇದ್ದಂತೆ. ಅದನ್ನು ಒಳಗೆ ಕರೆದುಕೊಂಡ ಮೇಲೆ ಪಾಠ ಶುರುವಾಗಿಯೇ ಆಗುತ್ತದೆ.

ಬೆಳಗಿನ ಹದಿನೈದು ನಿಮಿಷ

ವಿಮೋಚನಕಾಂಡ 16ರಲ್ಲಿ ಮನ್ನದ ಸಂಗತಿ ಇದೆ, ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ ಅದು. ಬೆಳಗ್ಗೆ ಕೂಡಿಸಬೇಕು, ಬಿಸಿಲು ಏರಿದರೆ ಕರಗಿಹೋಗುತ್ತದೆ. ನಾಳೆಗಿರಲಿ ಎಂದು ಇಟ್ಟುಕೊಂಡರೆ ಹುಳ ಬೀಳುತ್ತದೆ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು. ಕಳೆದ ವರ್ಷ ಸಭೆಯಲ್ಲಿ ಸಿಕ್ಕ ಆಶೀರ್ವಾದವನ್ನೇ ನೆನೆಸುತ್ತ ಇವತ್ತಿನ ದಿನ ದೂಡುವವರನ್ನು ಕಂಡಾಗ ನನಗೆ ಈ ಹುಳದ ನೆನಪಾಗುತ್ತದೆ.

ನಮ್ಮ ಅಜ್ಜಿ ಬೆಟಗೇರಿಯವಳು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಹೀಗೆ ಒಂದೊಂದೇ ಊರಿನಲ್ಲಿ ನೆಲೆನಿಂತರು. ಆ ಸಭೆಯಲ್ಲಿ ಬೆಳೆದ ನೇಕಾರರ ಮನೆ ನಮ್ಮದು. ಅಜ್ಜಿ ಮಗ್ಗದ ಕುಣಿಗೆ ಇಳಿದು ಕೂತ ಮೇಲೆ ಕೂಡಲೇ ಲಾಳಿ ಮುಟ್ಟುತ್ತಿರಲಿಲ್ಲ. ಎಡಗೈಯನ್ನು ಹಾಸಿನ ನೂಲಿನ ಮೇಲೆ ಹರಡಿ ಇಟ್ಟುಕೊಂಡು, ಬಲಗೈಯಲ್ಲಿ ಹೊಲಿಗೆ ಬಿಚ್ಚಿಹೋದ ಸತ್ಯವೇದ ಹಿಡಿದು ಒಂದು ಕೀರ್ತನೆ ಓದುತ್ತಿದ್ದಳು. ಓದು ನಿಧಾನ, ಬೆರಳಿಟ್ಟು ಓದುವ ಓದು. ಮುಗಿದ ಮೇಲೆ ಪುಸ್ತಕವನ್ನು ಗೂಡಿನಲ್ಲಿ ಇಟ್ಟು "ನಡೀ ಇನ್ನ" ಎಂದು ತನಗೆ ತಾನೇ ಹೇಳಿಕೊಂಡು ಲಾಳಿ ಹೊಡೆಯುತ್ತಿದ್ದಳು. ಕನ್ನಡದಲ್ಲಿ ಪೂರ್ತಿ ಸತ್ಯವೇದ ಸಿದ್ಧವಾದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ. ನಮ್ಮ ಮಾತಿನಲ್ಲೇ ದೇವರ ಮಾತು ಕೈಗೆ ಬಂದಿರುವುದು ಸಣ್ಣ ಭಾಗ್ಯವಲ್ಲ. ಆದ್ದರಿಂದ ನಿಮ್ಮ ಮನೆಮಾತಿನಲ್ಲೇ ಓದಿ, ಮನೆಮಾತಿನಲ್ಲೇ ಪ್ರಾರ್ಥಿಸಿ. ಮೈಕಿನ ಮುಂದೆ ಆಡುವ ಭಾಷೆ ಬೇಡ.

ಮಾಡುವ ರೀತಿ ಹೀಗೆ. ಮೊಬೈಲು ಬೇರೆ ಕೋಣೆಯಲ್ಲಿರಲಿ, ಅಲಾರಾಂಗೆ ಬೇರೆ ಗಡಿಯಾರ ತಂದುಕೊಳ್ಳಿ. ಕೂರುವ ಜಾಗ ದಿನಾ ಒಂದೇ ಇರಲಿ. ಒಂದು ಕೀರ್ತನೆ, ಸುವಾರ್ತೆಯ ಒಂದು ಸಣ್ಣ ಭಾಗ, ಅಷ್ಟೇ. ಒಂದು ನೂರು ಹಾಳೆಯ ವಹಿ ಇಟ್ಟುಕೊಂಡು ಮೂರು ಸಾಲು ಬರೆಯಿರಿ: ಓದಿದ್ದರಲ್ಲಿ ಮನಸ್ಸಿಗೆ ತಾಗಿದ ಮಾತು, ಇವತ್ತು ಎದುರಾಗಬಹುದಾದ ಶೋಧನೆ, ಇವತ್ತು ಒಳ್ಳೆಯದು ಮಾಡಬೇಕಾದ ಒಬ್ಬರ ಹೆಸರು. ವಹಿಯ ಕೊನೆಯ ಪುಟವನ್ನು ಖಾಲಿ ಬಿಡಿ, ಅದರ ಉಪಯೋಗ ಮುಂದೆ ಹೇಳುತ್ತೇನೆ. ಎರಡನೆಯ ಸಾಲು ಬಹಳ ಮುಖ್ಯ. "ಇವತ್ತು ಮೂರು ಗಂಟೆಗೆ ಬಿಲ್ಲು ತಿದ್ದು ಅಂತಾರ" ಎಂದು ಬೆಳಗ್ಗೆಯೇ ಬರೆದಿಟ್ಟವನು ಮೂರು ಗಂಟೆಗೆ ಗಾಬರಿಯಾಗುವುದಿಲ್ಲ.

ಯಾವ ಕೀರ್ತನೆ ಎಂದು ಕೇಳಿದರೆ, ವ್ಯಾಪಾರ, ಲೇವಾದೇವಿ ಮಾಡುವವರು 15ರಿಂದ ಶುರು ಮಾಡಿ. ನಷ್ಟವಾದರೂ ಕೊಟ್ಟ ಮಾತಿಗೆ ತಪ್ಪದವನು ಯಾರು ಎಂದು ಅದು ಕೇಳುತ್ತದೆ. ಕೆಟ್ಟವರು ಕೊಬ್ಬುವುದನ್ನು ನೋಡಿ ಹೊಟ್ಟೆ ಉರಿಯುವವರಿಗೆ 37 ಮತ್ತು 73. ತಪ್ಪು ಮಾಡಿ ಕುಗ್ಗಿದವರಿಗೆ 51.

ಬಾಬೆಲಿಗೆ ಸೆರೆ ಹೋಗಿ ಅರಮನೆಯಲ್ಲಿ ಕೆಲಸ ಮಾಡಿದ ದಾನಿಯೇಲ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ನಮಗೆ ಕಚೇರಿಯಲ್ಲಿ ಮೊಣಕಾಲೂರಲು ಆಗದು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಒಂದು ನಿಮಿಷ, ರಾತ್ರಿ ದೀಪ ಆರಿಸುವಾಗ ಒಂದು ನಿಮಿಷ ಸಾಕು.

ತಕ್ಕಡಿಯ ಮುಂದೆ

ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ಮಾರ್ಚ್ ತಿಂಗಳು. ಕುಂದಗೋಳ ಕಡೆಯ ರೈತರೊಬ್ಬರು 14 ಚೀಲ ಮೆಣಸಿನಕಾಯಿ ತಂದಿದ್ದರು. ಒಳ್ಳೆ ಮಾಲು. ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನುತ್ತಿತ್ತು. ಹಸಿ ಇದ್ದರೆ ಹಾಗೆ ಸಪ್ಪಳ ಬರುವುದಿಲ್ಲ, ಕಾಯಿ ಮುರಿಯದೆ ಬಾಗುತ್ತದೆ. ಒಣಗಿದೆ ಎಂದು ನನಗೂ ಗೊತ್ತು, ಯಜಮಾನರಿಗೂ ಗೊತ್ತು. ಆದರೂ ಅವರು "ಹಸಿ ಐತಿ, ಚೀಲಕ್ಕ ಒಂದ್ ಕೇಜಿ ಸೂಟ್ ಹಾಕು" ಅಂದರು. ಹಸಿ ಎಂದು ಹೇಳಿ ತೂಕದಲ್ಲಿ ಕಡಿತ ಮಾಡುವುದಕ್ಕೆ ಪೇಟೆಯಲ್ಲಿ ಹಾಗೆನ್ನುತ್ತಾರೆ. ನಾನು ಹಾಕಿದೆ. ರೈತರು ಕಾಟಾ ಕಡೆ ನೋಡಲಿಲ್ಲ, ನನ್ನ ಪೆನ್ನಿನ ತುದಿ ನೋಡುತ್ತಿದ್ದರು. ಚೀಟಿ ಕೊಟ್ಟಾಗ ಓದದೆ ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು ಹೋದರು. ಮಧ್ಯಾಹ್ನ ರೊಟ್ಟಿ ಬಿಚ್ಚಿ "ಕರ್ತನೇ, ಈ ಆಹಾರಕ್ಕಾಗಿ" ಎಂದವನಿಗೆ ಮುಂದಿನ ಮಾತು ಹೊರಡಲಿಲ್ಲ.

ನಿನ್ನ ಚೀಲದಲ್ಲಿ ದೊಡ್ಡದೊಂದು ಸಣ್ಣದೊಂದು ತೂಕದ ಕಲ್ಲು ಇರಬಾರದು ಎಂದು ಧರ್ಮೋಪದೇಶಕಾಂಡ 25:13ರಲ್ಲಿದೆ. ಈಗ ಕಲ್ಲು ಹೋಗಿ ಎಲೆಕ್ಟ್ರಾನಿಕ್ ಕಾಟಾ ಬಂದಿದೆ. ಎರಡನೆಯ ಕಲ್ಲು ನನ್ನ ಪೆನ್ನಿನಲ್ಲಿತ್ತು.

ಆ ರಾತ್ರಿ ಮಾಡಿದ್ದನ್ನೇ ನಿಮಗೂ ಮಾಡಿ ಎನ್ನುತ್ತೇನೆ. ಒಂದು ಹಾಳೆಯ ಮೇಲೆ, ನಿಮ್ಮ ಕೆಲಸದಲ್ಲಿ ಇನ್ನು ಮುಂದೆ ಏನೇ ಆದರೂ ಮಾಡದ ಮೂರು ಸಂಗತಿ ಬರೆಯಿರಿ. ಹತ್ತು ಬೇಡ, ಹತ್ತು ಬರೆದವನು ಒಂದನ್ನೂ ಉಳಿಸಿಕೊಳ್ಳುವುದಿಲ್ಲ. "ಪ್ರಾಮಾಣಿಕನಾಗಿರುತ್ತೇನೆ" ಎಂಬಂಥ ದೊಡ್ಡ ಮಾತೂ ಬೇಡ. "ಒಣ ಮಾಲಿಗೆ ಸೂಟ್ ಬರೆಯುವುದಿಲ್ಲ", "ಬರದ ದಿನ ಹಾಜರಿ ಹಾಕುವುದಿಲ್ಲ", "ಸಿಮೆಂಟು ಕಡಿಮೆ ಹಾಕಿದ ಸ್ಲ್ಯಾಬಿಗೆ ಸಹಿ ಮಾಡುವುದಿಲ್ಲ", ಇಂಥ ಮಾತು ಬೇಕು. ದಾನಿಯೇಲ 1:8ರಲ್ಲಿ ಆ ಹುಡುಗ ಅರಸನ ಊಟ ಮುಟ್ಟಬಾರದೆಂದು ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದ. ತಟ್ಟೆ ಎದುರಿಗೆ ಬಂದ ಮೇಲೆ ಯೋಚಿಸಲು ಕೂತರೆ ಹಸಿವೇ ಗೆಲ್ಲುತ್ತದೆ.

ಇಲ್ಲ ಎನ್ನುವ ರೀತಿಯನ್ನೂ ದಾನಿಯೇಲನಿಂದಲೇ ಕಲಿಯಬೇಕು. ಅವನು ಕೂಗಾಡಲಿಲ್ಲ, ಅಧಿಕಾರಿಯನ್ನು ಪಾಪಿ ಎನ್ನಲಿಲ್ಲ. ಹತ್ತು ದಿನ ಪರೀಕ್ಷೆ ಮಾಡಿ ನೋಡಿ ಎಂದು ಒಂದು ದಾರಿ ತೋರಿಸಿದ. ನಾನು ಯಜಮಾನರ ಹತ್ತಿರ ಒಬ್ಬನೇ ಹೋದೆ. ಹಮಾಲರ ಮುಂದೆ, ರೈತರ ಮುಂದೆ ಈ ಮಾತು ತೆಗೆಯಬಾರದು. ಮರ್ಯಾದೆ ಹೋಯಿತೆಂದರೆ ಮನುಷ್ಯ ನ್ಯಾಯ ಕೇಳಿಸಿಕೊಳ್ಳುವುದಿಲ್ಲ. ಹೇಳಿದ್ದು ಹೀಗೆ: "ಯಜಮಾನ್ರ, ನಿಮ್ಮ ಅನ್ನ ಉಂಡೇನ್ರೀ. ನಿಮ್ಮ ಹೆಸರು ಕೆಡಬಾರದಂತನ ಹೇಳ್ತೀನಿ. ಒಣ ಮಾಲಿಗೆ ಸೂಟ್ ಬರಿಯೂದು ನನ್ನ ಕೈಲಿಂದ ಆಗೂದಿಲ್ಲ. ಒಂದ್ ತಿಂಗಳ ಖರೇ ತೂಕ ಹಾಕಿ ನೋಡೂಣ್ರಿ, ಮಾಲು ಹೆಚ್ಚಿಗಿ ಬರತೈತೋ ಇಲ್ಲೋ."

ಅವರು ಒಪ್ಪಲಿಲ್ಲ. ನನ್ನನ್ನು ತೂಕದಿಂದ ತೆಗೆದು ಗೋದಾಮಿನಲ್ಲಿ ಚೀಲ ಎಣಿಸಲು ಹಾಕಿದರು. ಎರಡು ಹಂಗಾಮು ಅಲ್ಲೇ ಕಳೆದು, ಕೊನೆಗೆ ಬಿಟ್ಟು ಹುಬ್ಬಳ್ಳಿಗೆ ಬಂದೆ. ಪಗಾರ ಕಡಿಮೆಯಾಯಿತು. ನಾಲ್ಕು ವರ್ಷ ಮನೆಯಲ್ಲಿ ಹೊಸ ಬಟ್ಟೆ ಕ್ರಿಸ್ಮಸ್ಸಿಗೆ ಮಾತ್ರ. ನಂಬಿಗಸ್ತರಾಗಿದ್ದರೆ ದೇವರು ದುಪ್ಪಟ್ಟು ಕೊಡುತ್ತಾನೆ ಎಂದು ವೇದಿಕೆ ಮೇಲೆ ಹೇಳುವವರಿದ್ದಾರೆ. ನಾನು ಹಾಗೆ ಹೇಳಲಾರೆ. ನನ್ನ ಪಾಲಿಗೆ ಬಂದದ್ದು ದುಪ್ಪಟ್ಟು ರೊಕ್ಕವಲ್ಲ, ಊಟದ ಮುಂದೆ ಪ್ರಾರ್ಥನೆ ಪೂರ್ತಿ ಮಾಡಲು ಬಂದ ಬಾಯಿ. ನಿಮ್ಮ ಮೇಲೆ ಮನೆಯ ಭಾರವಿದ್ದರೆ ಆವೇಶದಲ್ಲಿ ರಾಜೀನಾಮೆ ಕೊಡಬೇಡಿ. ಆ ಮೂರು ಸಂಗತಿ ಮಾಡದೆ ಉಳಿದ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿ. ಪಕ್ಕದಲ್ಲಿ ಬೇರೆ ಕೆಲಸ ಹುಡುಕುತ್ತಿರಿ.

ತೆಗೆದುಕೊಂಡದ್ದನ್ನು ತಿರುಗಿ ಕೊಡುವುದು

ಪಶ್ಚಾತ್ತಾಪ ಎಂದರೆ ಕಣ್ಣೀರು ಎಂದುಕೊಂಡವರು ಅರಣ್ಯಕಾಂಡ 5:6ರಿಂದ 8 ಓದಬೇಕು. ಪಾಪ ಅರಿಕೆ ಮಾಡಬೇಕು, ಮೂಲ ಪೂರ್ತಿ ಕೊಡಬೇಕು, ಅದರ ಮೇಲೆ ಐದನೆಯ ಒಂದು ಪಾಲು ಸೇರಿಸಬೇಕು. ತೆಗೆದುಕೊಳ್ಳಲು ಆ ಮನುಷ್ಯನೂ ಇಲ್ಲ, ಹತ್ತಿರದ ಸಂಬಂಧಿಯೂ ಇಲ್ಲ ಎಂದರೆ ಅದು ದೇವರಿಗೆ ಸೇರುತ್ತದೆ. ಸುಂಕದವರ ಮುಖ್ಯಸ್ಥ ಜಕ್ಕಾಯ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ. ಆದರೆ ಯೇಸುಸ್ವಾಮಿ ಅವನ ಮನೆಗೆ ಬರುತ್ತೇನೆಂದು ಹೇಳಿದ್ದು ಅದಕ್ಕಿಂತ ಮೊದಲು. ಲೂಕ 19ರಲ್ಲೂ ಕೃಪೆ ಮೊದಲು, ಲೆಕ್ಕ ಆಮೇಲೆ.

ನನ್ನ ಲೆಕ್ಕ ಹೀಗಿತ್ತು. 14 ಚೀಲ, ಚೀಲಕ್ಕೆ ಒಂದು ಕೇಜಿ, 14 ಕೇಜಿ. ಅಂದಿನ ದರ ಕ್ವಿಂಟಲ್‌ಗೆ 18,000 ರೂಪಾಯಿ, ಅಂದರೆ ಕೇಜಿಗೆ 180. ಮೂಲ 2,520. ಐದನೆಯ ಒಂದು ಪಾಲು 504. ಒಟ್ಟು 3,024 ರೂಪಾಯಿ. ಆ ರೊಕ್ಕ ತಿಂದದ್ದು ನಾನಲ್ಲ, ಅಂಗಡಿ ಎಂದು ಮನಸ್ಸು ವಾದ ಮಾಡಿತು. ಬರೆದ ಕೈ ನನ್ನದು ಎಂದು ಉತ್ತರ ಕೊಟ್ಟೆ. ಕೂಡಿಡಲು ಒಂದು ವರ್ಷ ಬೇಕಾಯಿತು.

ಮರುವರ್ಷದ ಬೇಸಿಗೆಯಲ್ಲಿ ಬಸ್ಸು ಹತ್ತಿ ಅವರ ಊರಿಗೆ ಹೋದೆ. ಮನೆ ಮುಂದಿನ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದರು. ಗುರುತು ಹಿಡಿದರು. "ಕಾಕಾರ, ಹ್ವಾದ ವರ್ಷ ನಿಮ್ಮ ತೂಕದಾಗ ಹದಿನಾಕ ಕೇಜಿ ಕಡಿಮಿ ಬರದಿದ್ನಿ. ಮಾಲು ಹಸಿ ಇರಲಿಲ್ಲ. ತಪ್ಪಾತ್ರಿ" ಎಂದು ಲಕೋಟೆ ಕೊಟ್ಟೆ. ಅವರು ಎಣಿಸಿದರು. "ಐನೂರಾ ನಾಕ ಹೆಚ್ಚಿಗಿ ಐತಲ್ಲ?" ಎಂದರು. ನಮ್ಮ ಸತ್ಯವೇದದಲ್ಲಿ ಹೀಗೆ ಬರೆದಿದೆ ಎಂದು ಹೇಳಿದೆ. ಸ್ವಲ್ಪ ಹೊತ್ತು ಹಗ್ಗದ ಎಳೆ ತಿರುವುತ್ತ ಕೂತರು. ಆಮೇಲೆ "ನನಗ ಆವತ್ತ ಗೊತ್ತಿತ್ತು" ಎಂದು ಮಾತ್ರ ಹೇಳಿ, ಒಳಗೆ ಕೂಗಿ ಚಹಾ ತರಿಸಿದರು.

ನೀವು ಹೋಗುವುದಾದರೆ ಮೂರು ಮಾತು ನೆನಪಿಡಿ. ತಪ್ಪನ್ನು ಹೆಸರಿಟ್ಟು ಹೇಳಿ, "ಏನಾರ ತಪ್ಪಾಗಿದ್ದರ" ಎಂದು ಸುತ್ತಬೇಡಿ. ಬೇರೆಯವರ ಮೇಲೆ ಹಾಕಬೇಡಿ, ನಾನು ಅಲ್ಲಿ ಯಜಮಾನರ ಹೆಸರು ತೆಗೆಯಲಿಲ್ಲ. ಕ್ಷಮಿಸಿದೆ ಎಂದು ಅವರ ಬಾಯಿಂದ ಹೇಳಿಸಿಕೊಳ್ಳಲು ಕಾಯಬೇಡಿ, ಅದು ಅವರ ಇಷ್ಟ.

ಒಳಗೂ ಹೊರಗೂ ರಾಳ

ಪ್ರಳಯದಿಂದ ಉಳಿಯಲು ನೋಹ ಕಟ್ಟಿದ ನಾವೆಯ ಅಳತೆ 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ, ಮೂರು ಅಂತಸ್ತು. ಅದಕ್ಕೆ ಒಳಗೂ ಹೊರಗೂ ರಾಳ ಹಚ್ಚಬೇಕೆಂದು ದೇವರು ಹೇಳಿದ. ಹೊರಗೆ ಹಚ್ಚಿದ್ದು ಊರಿಗೆ ಕಾಣುತ್ತದೆ, ಒಳಗೆ ಹಚ್ಚಿದ್ದು ಮನೆಯ ಎಂಟು ಮಂದಿಗೆ ಮಾತ್ರ. ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆ ಇದ್ದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮಿರಗದ ಮಳೆ ಬರುವ ಮುಂಚೆ, ಸುಡುಬಿಸಿಲಿನಲ್ಲೇ ಮಾಳಿಗೆ ಏರಿ ಸವಳು ಮಣ್ಣು ಹರವಿ ಬಡಿಯಬೇಕು. ಮಳೆ ಶುರುವಾದ ಮೇಲೆ ಏರಿದರೆ ಕಾಲ ಕೆಳಗೇ ಕುಸಿಯುತ್ತದೆ. ಎಲ್ಲಿ ಸೋರುತ್ತದೆ ಎಂಬುದು ಒಳಗೆ ಮಲಗಿದವರಿಗೆ ಗೊತ್ತು, ಬೀದಿಯವರಿಗಲ್ಲ.

ಆದ್ದರಿಂದ ನಿಮ್ಮ ನಂಬಿಕೆ ಎಲ್ಲಿ ಸೋರುತ್ತಿದೆ ಎಂದು ಹೆಂಡತಿಯನ್ನೋ ಗಂಡನನ್ನೋ ಕೇಳಿ. ವರ್ಷಕ್ಕೊಮ್ಮೆ ಸಾಕು, ಆದರೆ ಉತ್ತರ ಬಂದಾಗ ಎದುರು ಮಾತಾಡದೆ ಕೇಳಿಸಿಕೊಳ್ಳಿ. ನಾನು ಕೇಳಿದಾಗ ಸಿಕ್ಕ ಉತ್ತರ: "ಹೊರಗ ಎಲ್ಲಾರ ಜೋಡಿ ಸಮಾಧಾನದಿಂದ ಮಾತಾಡ್ತೀರಿ. ಮಗನ ಜೋಡಿ ಮಾತ್ರ ಪೊಲೀಸರಂಗ ಮಾತಾಡ್ತೀರಿ." ಆ ರಾತ್ರಿಯೇ ಮಗನ ಹಾಸಿಗೆಯ ಹತ್ತಿರ ಹೋಗಿ ಕೂತೆ. ಹದಿನಾರು ವರ್ಷದ ಹುಡುಗನ ಮುಂದೆ "ತಪ್ಪಾತಪಾ" ಎನ್ನುವುದು ಪೇಟೆಯ ಯಜಮಾನರ ಮುಂದೆ ಮಾತಾಡಿದ್ದಕ್ಕಿಂತ ಕಷ್ಟವಾಯಿತು.

ಮನೆಯ ಪ್ರಾರ್ಥನೆ ಚಿಕ್ಕದಿರಲಿ. ಮೊಬೈಲಿನಲ್ಲಿ ರಾತ್ರಿ ಏನು ನೋಡುತ್ತೀರಿ ಎಂಬುದನ್ನು ಒಬ್ಬ ನಂಬಿಕಸ್ಥ ಗೆಳೆಯನಿಗೆ ಕೇಳಲು ಅಧಿಕಾರ ಕೊಡಿ. ಮಹಾಪ್ರಳಯ ದಾಟಿ ಬಂದ ನೋಹನೇ ದ್ರಾಕ್ಷಾರಸ ಕುಡಿದು ಗುಡಾರದಲ್ಲಿ ಮೈಮೇಲೆ ಬಟ್ಟೆಯಿಲ್ಲದೆ ಬಿದ್ದದ್ದನ್ನು ಸತ್ಯವೇದ ಮುಚ್ಚಿಟ್ಟಿಲ್ಲ. ಆಗ ಸುತ್ತಲೂ ಕೆಟ್ಟ ಜನ ಯಾರೂ ಉಳಿದಿರಲಿಲ್ಲ.

ಅದಕ್ಕೇ ಹೇಳುವುದು, 'ದುಷ್ಟ ಲೋಕ' ಎಂದಾಗ ಪಕ್ಕದ ಮನೆಯವರ ಕಡೆ ಬೆರಳು ಹೋಗಬಾರದು. ನಮ್ಮ ಓಣಿಯಲ್ಲಿ ಲಿಂಗಾಯತರಿದ್ದಾರೆ, ಮುಸಲ್ಮಾನರಿದ್ದಾರೆ. ಕೆಲಸವಿಲ್ಲದ ನಾಲ್ಕು ತಿಂಗಳು ಕಿರಾಣಿ ಉದ್ರಿ ಕೊಟ್ಟು ಒಂದು ಸಲವೂ ವಹಿ ತೋರಿಸದವರು ನಮ್ಮ ಸಭೆಯವರಲ್ಲ. ಅವರ ಉಪ್ಪು ನನ್ನ ಮೇಲಿದೆ. ಶಿಷ್ಯರನ್ನು ಲೋಕದೊಳಗಿಂದ ತೆಗೆದುಕೊಂಡು ಹೋಗು ಎಂದು ಯೇಸುಸ್ವಾಮಿ ಬೇಡಲಿಲ್ಲ, ಕೆಡುಕನಿಂದ ಕಾಪಾಡು ಎಂದು ಬೇಡಿದರು (ಯೋಹಾನ 17:15). ಪೇತ್ರನ ಎರಡನೆಯ ಪತ್ರಿಕೆ ನೋಹನನ್ನು ನೀತಿಯನ್ನು ಸಾರಿದವನು ಎನ್ನುತ್ತದೆ. ಆದರೆ ಆದಿಕಾಂಡದಲ್ಲಿ ಪ್ರಳಯಕ್ಕೆ ಮುಂಚೆ ನೋಹ ಆಡಿದ ಒಂದು ಮಾತೂ ಇಲ್ಲ. ಅವನ ಮಾತು ಮೊದಲು ಕೇಳುವುದು 9:25ರಲ್ಲಿ. ಅಲ್ಲಿಯವರೆಗೆ ಓದುಗನಿಗೆ ಕಾಣುವುದು ಅವನ ಕೆಲಸ. ನಿಮ್ಮ ನಂಬಿಕೆಯ ಬಗ್ಗೆ ಯಾರಾದರೂ ಕೇಳಿದರೆ ಖಂಡಿತ ಹೇಳಿ. ಕೇಳುವಂತೆ ಬಾಳುವುದು ಅದಕ್ಕಿಂತ ಮುಂಚಿನ ಕೆಲಸ.

ಒಬ್ಬನೇ ಇದ್ದೇನೆ ಎನಿಸಿದಾಗ 1 ಅರಸುಗಳು 19 ಓದಿ. ಪ್ರವಾದಿ ಎಲೀಯ ತಾನೊಬ್ಬನೇ ಉಳಿದೆ ಎಂದ, ದೇವರು ಏಳು ಸಾವಿರ ಮಂದಿಯ ಲೆಕ್ಕ ಹೇಳಿದ. ಆದರೆ ಎಲೀಯನಿಗೆ ಮೊದಲು ಕೊಟ್ಟದ್ದು ರೊಟ್ಟಿ, ನೀರು, ನಿದ್ದೆ. ದಣಿದವರಿಗೆ ನಾನು ಹೇಳುವುದೂ ಅದೇ: ಮೊದಲು ಉಂಡು ಮಲಗಿ.

ಬಿದ್ದ ದಿನ

ಬೀಳುತ್ತೀರಿ. ಆ ದಿನವೇ ಏಳಬೇಕು. ಭಾನುವಾರ ಬರಲಿ, ಕರ್ತನ ಭೋಜನದ ಮುಂಚೆ ಅರಿಕೆ ಮಾಡಿಕೊಂಡರಾಯಿತು ಎಂದು ತಳ್ಳಿದರೆ ಆರು ದಿನದಲ್ಲಿ ಗಾಯ ಕೀವಾಗುತ್ತದೆ. ಇಬ್ರಿಯ 4:16 ಕೃಪಾಸನದ ಹತ್ತಿರ ಧೈರ್ಯದಿಂದ ಬನ್ನಿ ಎನ್ನುತ್ತದೆ, ಅಂಜುತ್ತ ಅಂಜುತ್ತ ಬನ್ನಿ ಎನ್ನುವುದಿಲ್ಲ. ಯೇಸುವಿನ ಶಿಷ್ಯ ಪೇತ್ರ, ಸ್ವಾಮಿಯನ್ನು ಹಿಡಿದ ರಾತ್ರಿ, ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತ ನಿಂತಲ್ಲಿ ಸ್ವಾಮಿಯನ್ನು ಅರಿಯೆನೆಂದ. ಯೋಹಾನ 21ರಲ್ಲಿ ಸ್ವಾಮಿ ಸಮುದ್ರದ ದಡದಲ್ಲಿ ಅಂಥದ್ದೇ ಇದ್ದಲಿನ ಬೆಂಕಿ ಹೊತ್ತಿಸಿ, ಮೀನು ಸುಟ್ಟು, ಊಟಕ್ಕೆ ಕರೆದ ಮೇಲೆ ಪೇತ್ರನನ್ನು ಮಾತಾಡಿಸಿದರು.

ಕಾಯುವ ಕಾಲ

ಎಲ್ಲವನ್ನೂ ಸರಿಯಾಗಿ ಮಾಡಿಯೂ ಏನೂ ಆಗದ ದಿನಗಳಿರುತ್ತವೆ. ಹುಡುಗರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ನೋಹ ನಾವೆ ಹೊಕ್ಕದ್ದು ಅವನ 600ನೇ ವರ್ಷದ ಎರಡನೆಯ ತಿಂಗಳ 17ರಂದು. ಬಾಗಿಲು ಮುಚ್ಚಿದವನು ದೇವರು, ನೋಹನಲ್ಲ. ಹೊರಗೆ ಬಂದದ್ದು 601ನೇ ವರ್ಷದ ಎರಡನೆಯ ತಿಂಗಳ 27ರಂದು. ಒಂದು ವರ್ಷ ಹತ್ತು ದಿನ. ಅಷ್ಟೂ ಕಾಲ ದೇವರು ಅವನ ಸಂಗಡ ಮಾತಾಡಿದ್ದು ಬರೆದಿಲ್ಲ. ಕತ್ತಲೆ, ದನಕರುಗಳ ನಾತ, ಬೆಳಗಾದರೆ ಮೇವು ಹಾಕುವ ಕೆಲಸ.

ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 8:13. ಮೊದಲನೆಯ ತಿಂಗಳ ಮೊದಲನೆಯ ದಿನ ನೋಹ ನಾವೆಯ ಹೊದಿಕೆ ತೆಗೆದು ನೋಡಿದ, ನೆಲ ಒಣಗಿತ್ತು. ಆದರೂ ಇಳಿಯಲಿಲ್ಲ. "ಹೊರಗೆ ಬಾ" ಎಂದು ದೇವರು ಹೇಳುವವರೆಗೆ ಇನ್ನೂ ಸುಮಾರು ಎಂಟು ವಾರ ಒಳಗೇ ಇದ್ದ.

ವಹಿಯ ಕೊನೆಯ ಪುಟ ಖಾಲಿ ಬಿಡಿ ಎಂದೆನಲ್ಲ, ಅದು ಇದಕ್ಕೆ. ಉತ್ತರ ಬರದ ಒಂದು ಪ್ರಾರ್ಥನೆಯನ್ನು ಅದರ ಮೇಲ್ಗಡೆ ಬರೆಯಿರಿ. ದಿನಾ ಬೆಳಗ್ಗೆ ಅದನ್ನು ಒಂದೇ ಸಲ ಹೆಸರಿಟ್ಟು ದೇವರಿಗೆ ಒಪ್ಪಿಸಿ ಒಂದು ಸಣ್ಣ ಗೆರೆ ಎಳೆಯಿರಿ. ಗೆರೆ ಎಳೆದ ಮೇಲೆ ಆ ದಿನ ಅದನ್ನೇ ಕೆದಕುತ್ತ ಕೂರಬೇಡಿ, ಎದ್ದು ಆವತ್ತಿನ ಮೇವು ಹಾಕಿ. ನನ್ನ ಮಗ ಈಗ ಪುಣೆಯಲ್ಲಿದ್ದಾನೆ, ಮೂರು ವರ್ಷದಿಂದ ದೇವಾಲಯದ ಮೆಟ್ಟಿಲು ತುಳಿದಿಲ್ಲ. ಐದೈದು ಗೆರೆಯ ಕಟ್ಟುಗಳು, ಪೇಟೆಯಲ್ಲಿ ಚೀಲ ಎಣಿಸುವಾಗ ಎಳೆಯುತ್ತಿದ್ದ ಹಾಗೆಯೇ, ಎರಡು ಪುಟ ತುಂಬಿ ಮೂರನೆಯದಕ್ಕೆ ಬಂದಿವೆ. ಭಾನುವಾರ ಸಂಜೆ ಅವನು ಫೋನು ಮಾಡುತ್ತಾನೆ. ಪ್ರಾರ್ಥನೆಗೆ ಹೋದೆಯಾ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಊಟ ಆಯಿತೇನಪಾ ಎಂದು ಕೇಳುತ್ತೇನೆ.